ಕರಿ ಕುರಿಯ ಉಣ್ಣೆಯಲ್ಲಿ ನೆಲಹಾಸು: ಆಗಲ್ಲ ಅಂದವರಿಗೆ ನನ್ನ ಲೆಕ್ಕ

ನಮ್ಮ ಕಡೆಯ ಕರಿ ಕುರಿ, ಅಂದರೆ ಡೆಕ್ಕನಿ ಕುರಿಯ ಉಣ್ಣೆಯಲ್ಲಿ ಕಾರ್ಪೆಟ್ ಆಗಲ್ಲ ಅಂತ ನನಗೆ ಹೇಳದವರೇ ಇಲ್ಲ. ಬೆಂಗಳೂರಿನ ಡಿಸೈನರ್‌ಗಳು ಹೇಳಿದರು. ಉತ್ತರ ಪ್ರದೇಶದ ಕಾರ್ಪೆಟ್ ಊರು ಭದೋಹಿಯಿಂದ ಮಾಲು ತರಿಸುವ ವ್ಯಾಪಾರಿಗಳು ಹೇಳಿದರು. ಸಾಲ ಕೇಳಲು ಹೋದರೆ ಬ್ಯಾಂಕಿನವರೂ ಅದನ್ನೇ ಹೇಳಿದರು, ಅವರಿಗೆ ಉಣ್ಣೆಯ ಬಗ್ಗೆ ಏನು ಗೊತ್ತೋ. ಬಿಕಾನೇರ್ ಉಣ್ಣೆ ತರಿಸು, ನ್ಯೂಜಿಲೆಂಡ್ ಉಣ್ಣೆ ಬೆರೆಸು, ಇಲ್ಲ ಅಂದ್ರೆ ಸುಮ್ನೆ ಕಂಬಳಿ ಮಾರಿಕೊಂಡಿರು ಅಂದರು. ಈಗ ಚಳ್ಳಕೆರೆ ತಾಲ್ಲೂಕಿನ ಎರಡು ಹಟ್ಟಿಗಳಲ್ಲಿ ಹತ್ತು ಹನ್ನೆರಡು ಮಗ್ಗ ನಡೆಯುತ್ತಿವೆ. ನೂಲುವ ಹೆಂಗಸರು ಐವತ್ತರ ಹತ್ತಿರ ಇದ್ದಾರೆ. ಕಳೆದ ವರ್ಷ ಮೊದಲ ಸಲ ಜೇಬಿನಿಂದ ದುಡ್ಡು ಹಾಕದೆ ಎಲ್ಲರ ಕೂಲಿ ಕೊಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ), ಹಣಿಗೆ (ಹೊಕ್ಕನ್ನು ಒತ್ತುವ ಬಾಚಣಿಗೆ) ಗೊತ್ತಿರುವವರಿಗಾಗಿ ಇದು. ಮೊದಲಿನಿಂದ ಹೇಳಿಕೊಡುವ ತಾಳ್ಮೆ ನನಗಿಲ್ಲ.

ಅವರು ಹೇಳಿದ್ದರಲ್ಲಿ ಅರ್ಧ ಸರಿಯೇ. ನಮ್ಮ ಉಣ್ಣೆ ಒರಟು. ಅದರಲ್ಲಿ ಕೂದಲು ಜಾಸ್ತಿ, ಮೈಗೆ ಚುಚ್ಚುತ್ತದೆ. ಆದರೆ ನೆಲಕ್ಕೆ ಹಾಸುವುದು ಚುಚ್ಚಿದರೇನು? ಮೆತ್ತಗಿನ ಉಣ್ಣೆ ಓಡಾಡುವ ಜಾಗದಲ್ಲಿ ಬೇಗ ಸವೆಯುತ್ತದೆ, ಇದು ಸವೆಯಲ್ಲ. ಮೇಲಾಗಿ ಬಣ್ಣ ಹಾಕದೆಯೇ ಕಪ್ಪು, ಕಂದು, ಬೂದು ಸಿಗುತ್ತದೆ. ಬೆಲೆಯ ಮಾತಂತೂ ಕೇಳಲೇಬೇಡಿ. ನಾನು ಶುರು ಮಾಡಿದಾಗ ಕೆ.ಜಿ.ಗೆ ಎಂಟು ಹತ್ತು ರೂಪಾಯಿ ಇತ್ತು. ಕತ್ತರಿಸುವ ಕೂಲಿಯೂ ಹುಟ್ಟದೆ ಕುರಿಗಾಹಿಗಳು ಉಣ್ಣೆಯನ್ನು ಹೊಲದ ಬದುವಿನಲ್ಲೇ ಬಿಟ್ಟು ಹೋಗುತ್ತಿದ್ದರು. ಮಾಂಸಕ್ಕೆ ರೇಟು ಬಂದ ಮೇಲೆ ಉಣ್ಣೆಯೇ ಇಲ್ಲದ ನೆಲ್ಲೂರು, ಕೆಂಗುರಿ ಹಿಂಡುಗಳು ಹೆಚ್ಚಾದವು. ಇತ್ತ ದೊಡ್ಡ ಉಳ್ಳಾರ್ತಿ ಕಡೆ ಅಮೃತ್ ಮಹಲ್ ಕಾವಲಿಗೆ ಬೇಲಿ ಬಿದ್ದು ಮೇವಿನ ಜಾಗವೂ ಹೋಯಿತು. ಹೀಗಿರುವಾಗ ಕರಿ ಕುರಿ ಸಾಕು ಅಂತ ಯಾರಿಗೆ ಹೇಳೋಣ? ಈಗ ನಾನು ಕೆ.ಜಿ.ಗೆ 40 ಕೊಡುತ್ತೇನೆ, ಒಳ್ಳೆಯ ಬೂದು ಬಣ್ಣಕ್ಕೆ 60. ಷರತ್ತು ಎರಡೇ. ಕತ್ತರಿಸುವ ಮುಂಚೆ ಕುರಿಯನ್ನು ನೀರಿಗಿಳಿಸಿ ತೊಳೆದಿರಬೇಕು. ಹೊಟ್ಟೆ, ಕಾಲಿನ ಉಣ್ಣೆ ಬೇರೆ ಚೀಲದಲ್ಲಿರಬೇಕು. ಇಷ್ಟು ಮಾಡಿದರೆ ನನಗೆ ಮುಳ್ಳು, ಉತ್ತರಾಣಿ ಕಾಳು ಆರಿಸುವ ಕೂಲಿ ಅರ್ಧಕ್ಕರ್ಧ ಉಳಿಯುತ್ತದೆ.

ಮೊದಲು ನೇಯಿಸಿದ್ದು ದಪ್ಪ ಕಂಬಳಿಯೇ. ನೆಲದಲ್ಲಿ ಕುಣಿ ತೋಡಿ ಕೂರಿಸುವ ಅದೇ ಕುಣಿ ಮಗ್ಗ, ಅದೇ ಒಂಟಿ ಎಳೆ ಹಾಸು, ಅದೇ ಹುಣಸೆ ಬೀಜದ ಸರಿ, ಅಂದರೆ ಗಂಜಿ. ಮಗ್ಗದಿಂದ ಇಳಿದಾಗ ಹಲಗೆ ಥರ ನಿಂತಿತು, ನೋಡಿದವರೆಲ್ಲ ಭೇಷ್ ಅಂದರು. ಮನೆಗೆ ಹೋಗಿ ಒಂದು ಸಲ ಒಗೆದ ಮೇಲೆ ಸರಿ ಬಿಟ್ಟಿತು, ಅಂಚು ಸುರುಳಿ ಸುತ್ತಿತು. ಸರಿ ಪೂರ್ತಿ ಹೋಗದ ಕಡೆ ನುಸಿ ಬಿತ್ತು. ಒಬ್ಬ ಗಿರಾಕಿ ವ್ಯಾಕ್ಯೂಮ್ ಕ್ಲೀನರ್ ಚೀಲದ ಫೋಟೋ ಕಳಿಸಿದ್ದರು, ತುಂಬಾ ಕರಿ ಕೂದಲು. ದುಡ್ಡು ವಾಪಸ್, ಮಾಲೂ ವಾಪಸ್, ಎರಡೂ ಕಡೆ ಕೊರಿಯರ್ ಖರ್ಚು ನನ್ನದು. ಆ ವರ್ಷ ಒಂದೂಮುಕ್ಕಾಲು ಲಕ್ಷದಷ್ಟು ಹೋಯಿತು. ಆ ಮಾಲಿನಲ್ಲಿ ಒಂದಿಷ್ಟು ಇಂದಿಗೂ ನಮ್ಮ ಗೋಡೌನ್ ನೆಲದ ಮೇಲಿದೆ, ಮೂಟೆಯ ಕೆಳಗೆ.

ಹಾಸನ್ನು ಹತ್ತಿಗೆ ಬದಲಾಯಿಸಿದೆ. ಹಲವು ಎಳೆ ಸೇರಿಸಿ ಗಟ್ಟಿ ಹುರಿ ಮಾಡಿದ ನೂಲು, ಹಣಿಗೆಯಲ್ಲಿ ಇಂಚಿಗೆ ಐದಾರು ಎಳೆ, ಅಷ್ಟೇ. ಹೊಕ್ಕು ಪೂರ್ತಿ ಉಣ್ಣೆ, ಹಾಸು ಕಾಣದಷ್ಟು ಒತ್ತಾಗಿ. ಕಂಬಳಿ ಮಗ್ಗದ ಬಡಿತಕ್ಕೆ ಅಷ್ಟು ಒತ್ತು ಬರಲ್ಲ. ಹಣಿಗೆ ಕೂರುವ ಮರಕ್ಕೆ ಕಬ್ಬಿಣದ ಪಟ್ಟಿ ಬೋಲ್ಟ್ ಹಾಕಿ ಕೂರಿಸಿದೆವು, ವೆಲ್ಡಿಂಗ್ ಅಂಗಡಿಯಲ್ಲಿ ಒಂದಕ್ಕೆ 700 ಆಯಿತು. ಪಟ್ಟಿಯ ತೂಕ ಎಷ್ಟು ಅನ್ನುವುದನ್ನು ನೀವೇ ಕಂಡುಕೊಳ್ಳಿ. ಜಾಸ್ತಿ ಆದರೆ ನೇಕಾರರ ಭುಜ ಹೋಗುತ್ತದೆ, ಕಡಿಮೆ ಆದರೆ ಹೊಕ್ಕು ಜಾರುತ್ತದೆ. ಗಂಟು ಹಾಕುವ ಕಾರ್ಪೆಟ್ ಕಡೆ ನಾನು ಹೋಗಲೇ ಇಲ್ಲ. ನಮ್ಮ ಕಡೆ ಆ ಕೈ ಇಲ್ಲ. ಇರುವ ಕೈಯನ್ನು ಬಿಟ್ಟು ಕಾಶ್ಮೀರದ ಕೆಲಸ ಕಲಿಸಲು ಹೊರಟವರು ಏನಾದರು ಅಂತ ನೋಡಿದ್ದೇನೆ.

ಇಷ್ಟಾದರೂ ಕೂದಲು ಉದುರುವುದು ನಿಲ್ಲಲಿಲ್ಲ. ಎಲ್ಲರೂ ಮಗ್ಗ ನೋಡುತ್ತಾರೆ, ಡಿಸೈನ್ ನೋಡುತ್ತಾರೆ, ಫೋಟೋ ತೆಗೆಯುವುದೂ ಮಗ್ಗದ್ದೇ. ರಾಟೆಯ ಹತ್ತಿರ ಯಾರೂ ಕೂರಲ್ಲ. ನನ್ನ ರೋಗ ಇದ್ದದ್ದು ರಾಟೆಯಲ್ಲಿ. ನೂಲುವವರಿಗೆ ತೂಕದ ಮೇಲೆ ಕೊಡುವುದು ನಮ್ಮ ಕಡೆ ರೂಢಿ, ಆಗ ಕೆ.ಜಿ.ಗೆ 120 ಸಿಗುತ್ತಿತ್ತು. ದಿನಕ್ಕೆ ಅರ್ಧ ಕೆ.ಜಿ. ನೂತರೆ 60 ರೂಪಾಯಿ. ಆ ವರ್ಷ ಉದ್ಯೋಗ ಖಾತ್ರಿಯಲ್ಲಿ ದಿನಕ್ಕೆ 316 ಇತ್ತು. ಅಂಥ ಕೂಲಿಗೆ ಯಾರು ಹುರಿ ಹಾಕಿ ನೂಲುತ್ತಾರೆ? ಸಡಿಲವಾಗಿ, ದಪ್ಪಗೆ, ಬೇಗ ಬೇಗ ಎಳೆಯುತ್ತಿದ್ದರು. ಸಡಿಲ ನೂಲಿನಲ್ಲಿ ಮೋಟು ಕೂದಲು ನಿಲ್ಲಲ್ಲ, ಉದುರುತ್ತದೆ. ಒಬ್ಬ ಅಜ್ಜಿ ನೇರವಾಗಿ ಹೇಳಿದರು: "ನೀನ್ ಕೊಡೋ ದುಡ್ಡಿಗೆ ಇದೇ ನೂಲು ಕಣಪ್ಪ, ಒಳ್ಳೇದ್ ಬೇಕಾದ್ರೆ ಒಳ್ಳೇ ದುಡ್ಡು ತಾ."

ಒಳ್ಳೇ ದುಡ್ಡೇ ಕೊಟ್ಟೆ. ಅಳತೆಯ ಚೌಕಟ್ಟಿಗೆ ಇಷ್ಟು ಸುತ್ತು ಅಂದರೆ ಒಂದು ಲಡಿ ಅಂತ ಮಾಡಿದೆ. ಲಡಿಯ ತೂಕ ಇಷ್ಟರಿಂದ ಇಷ್ಟರೊಳಗೆ ಇದ್ದರೆ ಪೂರ್ತಿ ರೇಟು, ಮೀರಿದರೆ ಹಳೇ ರೇಟು. ಪೂರ್ತಿ ರೇಟು ಕೆ.ಜಿ. ಲೆಕ್ಕದಲ್ಲಿ 600ಕ್ಕೆ ಬರುತ್ತದೆ. ಉಣ್ಣೆಯನ್ನು ಯಂತ್ರದಲ್ಲಿ ಹಿಂಜಿಸಿ ನಾನೇ ಕೊಡುತ್ತೇನೆ, ಅದರ ಖರ್ಚು ಅವರ ಮೇಲಿಲ್ಲ. ಒಬ್ಬ ವ್ಯಾಪಾರಿ ನನ್ನನ್ನು ಕರೆದು ಬೈದರು. ನೂಲುವವರಿಗೆ ಇಷ್ಟು ಕೊಟ್ಟು ಊರು ಕೆಡಿಸುತ್ತೀಯ, ಆರು ತಿಂಗಳಲ್ಲಿ ಮುಚ್ಚುತ್ತೀಯ ಅಂದರು. ಆದದ್ದೇ ಬೇರೆ. ಮಗ್ಗದಲ್ಲಿ ಎಳೆ ಹರಿಯುವುದು ಹೆಚ್ಚುಕಡಿಮೆ ನಿಂತಿತು. ಮುಂಚೆ ಐದು ದಿನ ಹಿಡಿಯುತ್ತಿದ್ದ 4×6 ಅಡಿಯ ನೆಲಹಾಸು ಮೂರು ದಿನಕ್ಕೆ ಇಳಿಯಿತು. ವಾಪಸ್ ಬರುವ ಮಾಲು ವರ್ಷಕ್ಕೆ ಒಂದೋ ಎರಡೋ, ಅಷ್ಟೇ.

ಲೆಕ್ಕ ಕೇಳುತ್ತೀರಿ ಅಲ್ವಾ, 4×6ಕ್ಕೆ ಸುಮಾರು ಹೀಗಿದೆ. ನೂಲು 5 ಕೆ.ಜಿ. ಬೇಕು, ನೂಲುವ ಕೂಲಿ 3,000. ಕಚ್ಚಾ ಉಣ್ಣೆ 7 ಕೆ.ಜಿ., ಹತ್ತಿರ 300. ಹಿಂಜುವುದು, ಆರಿಸುವುದು 500. ಹತ್ತಿ ಹಾಸು 400. ನೇಯ್ಗೆ ಮೂರು ದಿನಕ್ಕೆ 1,800. ತೊಳೆದು, ಅಂಚು ಕಟ್ಟುವುದು 500. ಸಾಗಾಟ, ಮಗ್ಗದ ರಿಪೇರಿ, ಕೆಟ್ಟದ್ದು ಎಲ್ಲ ಸೇರಿ 700. ಏಳು ಸಾವಿರದ ಮೇಲೆ ಸ್ವಲ್ಪ. ನೇರ ಗಿರಾಕಿಗೆ 11,500, ಅಂಗಡಿಗೆ 9,000, ತೆರಿಗೆ ಬೇರೆ. ಮೊದಲು ನೆಲಹಾಸಿಗೆ ಜಿಎಸ್‌ಟಿ 12% ಇತ್ತು, 2025ರ ಸೆಪ್ಟೆಂಬರ್‌ನಲ್ಲಿ 5%ಕ್ಕೆ ಇಳಿದ ಮೇಲೆ ಉಸಿರಾಡುವಂತಾಯಿತು.

ಅಂಗಡಿಗಳ ವಿಷಯ ಬೇರೆಯೇ ಕಥೆ. ಮಾರಿದ ಮೇಲೆ ಕೊಡುತ್ತೇವೆ ಅಂತ ಮಾಲು ಇಟ್ಟುಕೊಂಡು, ಬಿಸಿಲಿಗೆ ಬಣ್ಣ ಮಾಸಿದ ಮೇಲೆ ವಾಪಸ್ ಕಳಿಸಿದ ಅಂಗಡಿಯೂ ಇದೆ. ಈಗ ಆ ಥರ ಕೊಡಲ್ಲ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಮಾಡಿಸಿ ಬಿಲ್ ಮೇಲೆ ನಂಬರ್ ಹಾಕಿ. ಒಪ್ಪಂದ ಬರೆದುಕೊಂಡಿದ್ದರೂ 45 ದಿನಕ್ಕಿಂತ ಜಾಸ್ತಿ ಸಾಲ ಇಟ್ಟುಕೊಳ್ಳುವಂತಿಲ್ಲ ಅಂತ ಸಣ್ಣ ಉದ್ದಿಮೆಗಳ 2006ರ ಕಾಯ್ದೆಯಲ್ಲೇ ಇದೆ. ಇತ್ತೀಚಿನ ನಿಯಮದಂತೆ, ಆ ಅವಧಿಯೊಳಗೆ ಕೊಡದಿದ್ದರೆ ಕೊಳ್ಳುವವರು ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ತೋರಿಸಲು ದುಡ್ಡು ಕೊಡುವ ತನಕ ಕಾಯಬೇಕು. ಹಾಗಾಗಿ ಮಾರ್ಚ್ ಬಂದರೆ ಅವರ ಆಡಿಟರೇ ಫೋನ್ ಮಾಡುತ್ತಾರೆ.

ನಡುವೆ ಒಂದು ತಿಂಗಳು ಮಗ್ಗ ನಿಂತಿತ್ತು. ದುಡ್ಡಿನ ವಿಷಯಕ್ಕಲ್ಲ. ಹಟ್ಟಿಯ ಯಜಮಾನರು ಕರೆಸಿ ಕೇಳಿದರು: "ಗದ್ದಿಗೆಗೆ ಹಾಸೋ ಕಂಬಳೀನ ಚಪ್ಪಲಿ ಕಾಲಲ್ಲಿ ತುಳಿಸ್ತೀಯೇನಪ್ಪ?" ನನ್ನ ಹತ್ತಿರ ಉತ್ತರ ಇರಲಿಲ್ಲ. ದೇವರ ಕಾರ್ಯಕ್ಕೆ, ಮದುವೆಗೆ ಕರಿ ಕಂಬಳಿ ಹಾಸಿ ಅದರ ಮೇಲೆ ಕಳಸ ಇಡುವ ಜನ ಅವರು. ಕೊನೆಗೆ ದಾರಿ ತೋರಿಸಿದ್ದೂ ಅವರೇ. ಪೂರ್ತಿ ಕರಿ ಬಣ್ಣದ, ಕಂಬಳಿ ಅಂಚಿನ ನೆಲಹಾಸು ಮಾಡಬಾರದು. ಹತ್ತಿ ಹಾಸು ಇದ್ದು ಪಟ್ಟೆ ಬಂದರೆ ಅದು ಕಂಬಳಿ ಅಲ್ಲ, ಬೇಕಾದ್ದು ಮಾಡಿಕೋ. ಹಾಗೇ ನಡೆಯುತ್ತಿದೆ. ಗದ್ದಿಗೆ ಕಂಬಳಿಯೂ ನೇಯಿಸುತ್ತೇವೆ, ಅದರಲ್ಲಿ ಲಾಭ ಇಟ್ಟಿಲ್ಲ. ಪೂರ್ತಿ ಕರಿ ರಗ್ ಬೇಕು ಅಂತ ಬರುವ ಡಿಸೈನರ್‌ಗಳಿಗೆ ಇಲ್ಲ ಅನ್ನುತ್ತೇನೆ, ಎಷ್ಟು ಕೊಟ್ಟರೂ.

ಗಿರಾಕಿಗಳು ಕೇಳುವ ಇನ್ನೊಂದು ಪ್ರಶ್ನೆ ಮಕ್ಕಳದ್ದು. ಭದೋಹಿ, ಮಿರ್ಜಾಪುರ ಕಡೆ ಮಗ್ಗಕ್ಕೆ ಮಕ್ಕಳನ್ನು ಕೂರಿಸಿದ್ದು ಗೊತ್ತೇ ಇದೆ. ಅದಕ್ಕಾಗಿಯೇ 1994ರಲ್ಲಿ ಮಕ್ಕಳ ದುಡಿಮೆ ಇಲ್ಲ ಅಂತ ಸರ್ಟಿಫಿಕೇಟ್ ಕೊಡುವ ರಗ್‌ಮಾರ್ಕ್ ಬಂತು, ಈಗಿನ ಗುಡ್‌ವೀವ್. ನನ್ನಂಥ ಸಣ್ಣವನಿಗೆ ಸರ್ಟಿಫಿಕೇಟ್‌ಗಿಂತ ಮುಖ್ಯ ಆಗಿದ್ದು ಮುಂಗಡ ನಿಲ್ಲಿಸಿದ್ದು. ಮುಂಗಡ ಕೊಟ್ಟು ಮಗ್ಗಕ್ಕೆ ಕಟ್ಟಿಹಾಕಿದರೆ ಸಾಲ ತೀರಿಸಲು ಮನೆಯವರೆಲ್ಲ ಕೂರುತ್ತಾರೆ, ಮಕ್ಕಳೂ ಸೇರಿ. ಈಗ ಸಂತೆಯ ಹಿಂದಿನ ಸಂಜೆ ವಾರದ ಬಟವಾಡೆ. ನೂತವರ ಕೈಗೇ ದುಡ್ಡು, ಗಂಡನ ಕೈಗಲ್ಲ. ಈ ಕೊನೆಯ ಮಾತಿಗೆ ನಾಲ್ಕೈದು ಮನೆಯವರು ಮುನಿಸಿಕೊಂಡು ಬಿಟ್ಟರು. ಇಬ್ಬರು ವಾಪಸ್ ಬಂದಿದ್ದಾರೆ.

ಬಣ್ಣದ ಹುಚ್ಚೂ ಹಿಡಿದಿತ್ತು. ಬೂದು ಉಣ್ಣೆಗೆ ಬಣ್ಣ ನಿಲ್ಲಲು ಪಟಕ ಹಾಕಿ ದಾಳಿಂಬೆ ಸಿಪ್ಪೆಯ ಹಳದಿ ಕೊಟ್ಟೆ, ಸಾಸಿವೆ ಹೂವಿನ ಬಣ್ಣ ಸ್ವಲ್ಪ ಮಂಕಾಗಿ ಬಂತು, ಮಾರಾಟವೂ ಆಯಿತು. ಮಂಜಿಷ್ಠದ ಕೆಂಪು ಚೆನ್ನಾಗಿತ್ತು, ಆದರೆ ಒಂದೊಂದು ಸಲ ಒಂದೊಂದು ಕೆಂಪು. ಬೆಲ್ಲ, ತುಕ್ಕು ಕಬ್ಬಿಣದ ಕಪ್ಪು ಮಾಡಲು ಹೋಗಬೇಡಿ. ಕುರಿಯೇ ಕಪ್ಪು ಕೊಡುವಾಗ ಅದರ ಅಗತ್ಯವೂ ಇಲ್ಲ, ಮೇಲಾಗಿ ನೂಲು ಮುರುಕಾಗುತ್ತದೆ. ನೂಲಲು ಬಾರದ ಹೊಟ್ಟೆ ಉಣ್ಣೆಯನ್ನು ಸೋಪು ನೀರಲ್ಲಿ ತಿಕ್ಕಿ ರಗ್‌ನ ಕೆಳಗೆ ಹಾಕುವ ಫೆಲ್ಟ್ (ನೇಯದೆ ಒತ್ತಿ ಕೂಡಿಸಿದ ಉಣ್ಣೆ ಹಾಳೆ) ಮಾಡಲು ನೋಡಿದೆ. ಕೂದಲು ಜಾಸ್ತಿ ಇದ್ದು ಕೂಡಿಕೊಳ್ಳಲೇ ಇಲ್ಲ. ಈಗ ಅದು ಪಕ್ಕದ ದಾಳಿಂಬೆ ತೋಟಕ್ಕೆ ಹೋಗುತ್ತದೆ, ಗಿಡದ ಬುಡಕ್ಕೆ ಹಾಸಿದರೆ ತೇವ ನಿಲ್ಲುತ್ತದೆ. ಸಿಪ್ಪೆ ಅವರಿಂದ ಪುಕ್ಕಟೆ ಸಿಗುತ್ತದೆ, ಲೆಕ್ಕ ಸರಿಹೋಯಿತು.

ನುಸಿಗೆ ಏನು ಮಾಡುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಬೇವಿನ ಎಣ್ಣೆಯಲ್ಲಿ ಮಾಡಿ ನೋಡಿದೆ, ವಾಸನೆಗೆ ಗಿರಾಕಿ ಓಡಿದರು, ನುಸಿ ಓಡಲಿಲ್ಲ. ಅಂಟುವಾಳ ಕಾಯಿಯ ನೀರಲ್ಲಿ ನೂಲನ್ನು ಚೆನ್ನಾಗಿ ತೊಳೆದು ಕೊಳೆ ಪೂರ್ತಿ ತೆಗೆದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಕೊನೆಯ ನೀರಿಗೆ ಇನ್ನೊಂದು ವಸ್ತು ಸೇರಿಸುತ್ತೇವೆ, ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಮಾತ್ರ ಹೇಳಲ್ಲ.

ಸದ್ಯ ತಲೆನೋವಿರುವುದು 6×9ರದ್ದು. ನಮ್ಮ ಮಗ್ಗದ ಅಗಲ ಸಾಲದೆ ಎರಡು ಪಟ್ಟಿ ನೇಯ್ದು ನಡುವೆ ಕೈಹೊಲಿಗೆ ಹಾಕುತ್ತೇವೆ. ಪಟ್ಟೆ ಸರಿಯಾಗಿ ಕೂಡದಿದ್ದರೆ ಪೂರ್ತಿ ನೆಲಹಾಸು ದಂಡ. ಅಗಲದ ಮಗ್ಗಕ್ಕೆ ಇಬ್ಬರು ನೇಕಾರರು ಅಕ್ಕಪಕ್ಕ ಕೂರಬೇಕು. ಅಣ್ಣ ತಮ್ಮಂದಿರಿಬ್ಬರು ಒಪ್ಪಿದ್ದಾರೆ, ಬಡಗಿ 45,000 ಹೇಳಿದ್ದಾರೆ, ಕುಣಿ ತೋಡುವುದು ಬೇರೆ. ಮಳೆ ಮುಗಿದ ಮೇಲಿನ ಉಣ್ಣೆ ಬರುವಷ್ಟರಲ್ಲಿ ಕೂರಿಸಬೇಕು ಅಂತಿದ್ದೇನೆ. ಅಗಲದ ಕುಣಿ ಮಗ್ಗದಲ್ಲಿ ದಪ್ಪ ಹೊಕ್ಕು ನೇಯಿಸಿದವರು ಯಾರಾದರೂ ಇದ್ದರೆ ಹೇಳಿ, ಹಣಿಗೆ ನಡುವೆ ಬಾಗದಂತೆ ಏನು ಕೊಟ್ಟಿದ್ದೀರಿ?