ಮಧ್ಯಮ ಪುರುಷದಲ್ಲಿ ಕತೆ ಬರೆಯುವುದು ಹೇಗೆ?

ಕತೆಯ ಮುಖ್ಯ ಪಾತ್ರವನ್ನೇ 'ನೀನು' ಅಥವಾ 'ನೀವು' ಎಂದು ಕರೆಯುತ್ತ ಸಾಗುವ ನಿರೂಪಣೆಯನ್ನು ಕೈಗೆತ್ತಿಕೊಳ್ಳುವವರು, ಮೊದಲ ಸಾಲು ಬರೆಯುವ ಮುನ್ನ ಹಾಗೆ ಕರೆಯುತ್ತಿರುವುದು ಯಾರು ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಮಗನನ್ನು ಕಳೆದುಕೊಂಡ ತಾಯಿಯೇ, ಹಳೆಯ ತಪ್ಪೊಂದನ್ನು ನೆನೆದು ತನ್ನೊಂದಿಗೆ ತಾನೇ ಮಾತಾಡಿಕೊಳ್ಳುತ್ತಿರುವವನೇ? ಕತೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರೆಯುವವರಿಗೇ ಗೊತ್ತಿಲ್ಲದಿದ್ದರೆ ಮಾತ್ರ ದನಿ ನಡುವೆ ದಿಕ್ಕು ತಪ್ಪುತ್ತದೆ.

ಮುಂದಿನ ಆಯ್ಕೆ ಏಕವಚನ, ಬಹುವಚನಗಳದ್ದು. ಇಂಗ್ಲಿಷಿನ 'ಯೂ' ಈ ಪ್ರಶ್ನೆಯನ್ನೇ ಎತ್ತುವುದಿಲ್ಲ. ಕನ್ನಡದಲ್ಲಾದರೋ 'ನೀನು' ಎಂದೊಡನೆ ಸಲುಗೆಯೋ ಸಿಟ್ಟೋ ಕಿರಿಯರೆಂಬ ಭಾವವೋ ಜೊತೆಗೆ ಬರುತ್ತದೆ, 'ನೀವು' ಎಂದರೆ ಗೌರವದೊಂದಿಗೆ ದೂರವೂ ಬರುತ್ತದೆ. ನಮ್ಮಂತೆಯೇ ಎರಡು ರೂಪಗಳಿರುವ ಫ್ರೆಂಚಿನಲ್ಲಿ ಮಿಶೆಲ್ ಬ್ಯುಟೋರ್, ಪ್ಯಾರಿಸ್ಸಿನಿಂದ ರೋಮ್‌ಗೆ ರೈಲಿನಲ್ಲಿ ಹೊರಟವನೊಬ್ಬನ ಕುರಿತ ತಮ್ಮ 1957ರ ಕಾದಂಬರಿಗೆ ಗೌರವಸೂಚಕವಾದ 'ವೂ' ರೂಪವನ್ನು ಆರಿಸಿಕೊಂಡರು. ಸಣ್ಣಕತೆಗೆ 'ನೀನು' ಹೆಚ್ಚು ಒದಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನಿಜವಾದ ತೊಡಕಿರುವುದು ಕ್ರಿಯಾಪದದಲ್ಲಿ. 'ನಾನು ಇಳಿದೆ', 'ನೀನು ಇಳಿದೆ' ಎಂಬ ಎರಡರಲ್ಲೂ ಭೂತಕಾಲದ ರೂಪ ಒಂದೇ ಆಗಿರುವುದರಿಂದ, "ಬಸ್ಸಿನಿಂದ ಇಳಿದೆ, ಬಾಗಿಲಿಗೆ ಬೀಗವಿತ್ತು" ಎಂದು ಸರ್ವನಾಮ ಬಿಟ್ಟು ಬರೆದರೆ ಓದುಗರು ಅದನ್ನು 'ನಾನು' ಎಂದೇ ಓದಿಕೊಳ್ಳುತ್ತಾರೆ. (ಧಾರವಾಡದ ಕಡೆಯ 'ನೀ ಇಳಿದಿ' ಎಂಬ ಮಾತಿಗೆ ಈ ತೊಂದರೆಯಿಲ್ಲ.) ವರ್ತಮಾನದಲ್ಲಿ 'ಇಳಿಯುತ್ತೀಯ' ಎಂದರೆ ಸಾಕು, ಸಾಲುಸಾಲಿಗೂ 'ನೀನು' ಬೇಕಾಗುವುದಿಲ್ಲ. ಹೊಸಬರು ವರ್ತಮಾನದಿಂದಲೇ ಆರಂಭಿಸುವುದು ಒಳ್ಳೆಯದು.

ಇದೇ ವ್ಯಾಕರಣ ಒಂದು ಅಪೂರ್ವ ಅನುಕೂಲವನ್ನೂ ಕೊಟ್ಟಿದೆ. 'ಇಳಿದನು', 'ಇಳಿದಳು' ಎಂಬಲ್ಲಿ ಕಾಣುವ ಲಿಂಗಭೇದ 'ಇಳಿಯುತ್ತೀಯ' ಎಂಬಲ್ಲಿ ಇಲ್ಲ. 'ದಣಿದವನು', 'ಒಬ್ಬಳೇ' ಎಂಬಂಥ ಪದಗಳನ್ನು ದೂರವಿಟ್ಟರೆ, ಪಾತ್ರ ಗಂಡೋ ಹೆಣ್ಣೋ ಎಂಬುದನ್ನು ಕತೆಯ ಕೊನೆಯವರೆಗೂ ಹೇಳದೆ ಉಳಿಸಿಕೊಳ್ಳಬಹುದು.

ಭಾವನೆಗಳನ್ನು ಹೆಸರಿಸುವಾಗ ಎಚ್ಚರ ಬೇಕು. "ನಿನಗೆ ದುಃಖವಾಗುತ್ತದೆ" ಎಂದರೆ ಓದುಗರ ಮನಸ್ಸು ಅದನ್ನು ಒಪ್ಪದೆ ಹಿಂದೆ ಸರಿಯುತ್ತದೆ. "ಬೀಗ ನೋಡಿದ ಮೇಲೂ ಎರಡು ಸಲ ಬಾಗಿಲು ತಟ್ಟುತ್ತೀಯ" ಎಂದರೆ ಆ ದುಃಖ ಅವರದೇ ಆಗುತ್ತದೆ.

ಮೊದಲ ಕರಡು ಮುಗಿದ ಮೇಲೆ ಒಂದು ಪುಟವನ್ನು 'ಅವಳು' ಎಂದು ಬದಲಿಸಿ ಗಟ್ಟಿಯಾಗಿ ಓದಿಕೊಳ್ಳಿ. ಏನೂ ಕಳೆದುಹೋಗದಿದ್ದರೆ, ಆ ಕತೆಯನ್ನು 'ಅವಳು' ಎಂದೇ ಬರೆಯಿರಿ.