ಸಿಗರೇಟ್ ಬಿಟ್ಟಾಗ ತೂಕ ನಿಭಾಯಿಸುವುದು ಹೇಗೆ?

ಸಿಗರೇಟ್ ಬಿಡಿ ಎಂದರೆ ಹಲವರು ತಕ್ಷಣ ಹೇಳುವ ಮಾತೊಂದಿದೆ: 'ಬಿಟ್ಟರೆ ದಪ್ಪ ಆಗ್ತೀನಿ.' ಇದು ಪೂರ್ತಿ ನೆಪ ಅಲ್ಲ. ನಾನು ಮೊದಲ ಸಲ ಬಿಟ್ಟಾಗ ಎರಡೇ ತಿಂಗಳಲ್ಲಿ ಪ್ಯಾಂಟಿನ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕಾಯಿತು. ಅದೇ ಸಿಟ್ಟಿನಲ್ಲಿ ಮತ್ತೆ ಸೇದಲು ಶುರುಮಾಡಿದೆ. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ಎರಡನೇ ಸಲ ಬಿಡುವಾಗ ಸ್ವಲ್ಪ ಓದಿಕೊಂಡು, ಲೆಕ್ಕ ಹಾಕಿಕೊಂಡು ಹೊರಟೆ. ಆ ಲೆಕ್ಕವೇ ಈ ಲೇಖನ.

ಎಷ್ಟು ಏರುತ್ತದೆ, ಯಾಕೆ ಏರುತ್ತದೆ?

2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿಯೊಂದನ್ನು ಪ್ರಕಟಿಸಿತು. ಔಷಧದ ನೆರವಿಲ್ಲದೆ ಬಿಟ್ಟವರ ತೂಕ ಸರಾಸರಿ ಒಂದು ತಿಂಗಳಿಗೆ 1 ಕೆಜಿಯಷ್ಟು, ಮೂರು ತಿಂಗಳಿಗೆ 3 ಕೆಜಿ ಹತ್ತಿರ, ವರ್ಷಕ್ಕೆ 4.7 ಕೆಜಿಯಷ್ಟು ಏರಿತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು ಭಾರ ಬರುವುದು ಮೊದಲ ಮೂರು ತಿಂಗಳಲ್ಲೇ. ಆದರೆ ಸರಾಸರಿ ಎಲ್ಲರ ಕಥೆಯಲ್ಲ. ವರ್ಷದ ಕೊನೆಗೆ ನೂರರಲ್ಲಿ 16 ಮಂದಿ ತೂಕ ಕಳೆದುಕೊಂಡಿದ್ದರು. 13 ಮಂದಿಗೆ 10 ಕೆಜಿಗಿಂತ ಜಾಸ್ತಿ ಏರಿತ್ತು.

ಕಾರಣ ಸರಳ. ನಿಕೋಟಿನ್ ಹಸಿವನ್ನು ಅದುಮುತ್ತದೆ. ಎದೆಬಡಿತ ಹೆಚ್ಚಿಸಿ, ಸುಮ್ನೆ ಕೂತಿದ್ದರೂ ಮೈ ಒಂದಿಷ್ಟು ಹೆಚ್ಚು ಶಕ್ತಿ ಸುಡುವಂತೆ ಮಾಡುತ್ತದೆ. ದಿನಕ್ಕೆ 24 ಸಿಗರೇಟ್ ಸೇದುವವರಲ್ಲಿ ಇದು ಸುಮಾರು 200 ಕ್ಯಾಲೊರಿ. ಬಿಟ್ಟ ದಿನದಿಂದ ಆ ಖರ್ಚು ನಿಂತು, ಹಸಿವು ಮರಳುತ್ತದೆ. ಕೆಲವೇ ದಿನಗಳಲ್ಲಿ ನಾಲಿಗೆ, ಮೂಗು ಕೂಡ ಚುರುಕಾಗುತ್ತವೆ. ಊಟ ಹಿಂದೆಂದೂ ಇಲ್ಲದಷ್ಟು ರುಚಿಸುತ್ತದೆ!

ತೂಕದ ಈ ಭಯ ಹೊಸದಲ್ಲ. 1928ರಲ್ಲಿ ಅಮೆರಿಕದ ಲಕ್ಕಿ ಸ್ಟ್ರೈಕ್ ಸಿಗರೇಟಿನ ಕಂಪನಿ 'ಸಿಹಿಯ ಬದಲು ಲಕ್ಕಿ ಎತ್ತಿಕೊಳ್ಳಿ' ಎಂದು ಜಾಹೀರಾತು ಕೊಟ್ಟಿತ್ತು. ಮಿಠಾಯಿ ತಯಾರಕರು ಕೆಂಡಾಮಂಡಲವಾದರು. ವಿಚಿತ್ರ ಏನೆಂದರೆ, ಸೇದುವವರ ತೂಕ ಸ್ವಲ್ಪ ಕಡಿಮೆ ಇದ್ದರೂ ಹೊಟ್ಟೆಯ ಸುತ್ತಲಿನ ಬೊಜ್ಜು ಅವರಲ್ಲೇ ಜಾಸ್ತಿ.

ಮೊದಲ ಹೆಜ್ಜೆ: ಎರಡು ಜಗಳ ಒಟ್ಟಿಗೆ ಬೇಡ

ಸಿಗರೇಟ್ ಬಿಟ್ಟ ವಾರವೇ ಕಟ್ಟುನಿಟ್ಟಿನ ಡಯಟ್ ಶುರುಮಾಡಬೇಡಿ. ಹೊಟ್ಟೆ ಹಸಿದಾಗ ಸೇದಬೇಕೆನ್ನುವ ಆಸೆ ಇನ್ನಷ್ಟು ಕೆರಳುತ್ತದೆ. ಊಟ ಬಿಟ್ಟವರು ಸಂಜೆಯ ಹೊತ್ತಿಗೆ ಸಿಗರೇಟಿಗೋ ತಿಂಡಿಯ ಡಬ್ಬಕ್ಕೋ ಶರಣಾಗುತ್ತಾರೆ. ಮೂರು ಹೊತ್ತು ಹೊತ್ತಿಗೆ ಸರಿಯಾಗಿ ತಿನ್ನಿ. ಮೊದಲ ಮೂರು ತಿಂಗಳ ಗುರಿ ತೂಕ ಇಳಿಸುವುದಲ್ಲ, ಏರುವುದನ್ನು ತಡೆಯುವುದು.

ಎರಡನೆಯದು: ಊಟಕ್ಕೆ ಹೊಸ ಕೊನೆ ಹುಡುಕಿ

ನನ್ನನ್ನು ಮೊದಲ ಸಲ ಕೆಡವಿದ್ದು ಇದೇ. ಸೇದುವವರಿಗೆ ಊಟ ಮುಗಿಯುವುದು ತಟ್ಟೆ ಖಾಲಿಯಾದಾಗಲ್ಲ, ಸಿಗರೇಟ್ ಹಚ್ಚಿದಾಗ. ಆ ಸಿಗರೇಟ್ ಇಲ್ಲದಿದ್ದರೆ 'ಸಾಕು' ಎನ್ನುವ ಗಂಟೆ ಬಾರಿಸುವವರೇ ಇಲ್ಲ. ಹಾಗಾಗಿ ಇನ್ನೊಂದು ತುತ್ತು, ಆಮೇಲೊಂದು ಸಿಹಿ, ಆಮೇಲೆ ಸುಮ್ನೆ ಕೂತು ಕೈಗೆ ಸಿಕ್ಕಿದ್ದು. ಹಸಿವಿಲ್ಲ, ಆದರೂ ಊಟ ಮುಗಿದಿಲ್ಲ.

ನಾನು ಮಾಡಿದ್ದು ಇಷ್ಟೇ. ಬೇಕಾದಷ್ಟನ್ನು ಒಂದೇ ಸಲ ಬಡಿಸಿಕೊಂಡು, ಪಾತ್ರೆಗಳನ್ನು ಮೇಜಿನಿಂದ ತೆಗೆದಿಡುವುದು. ಕೊನೆಯ ತುತ್ತು ನುಂಗಿದ ತಕ್ಷಣ ಎದ್ದು ಹಲ್ಲುಜ್ಜುವುದು. ಪೇಸ್ಟಿನ ರುಚಿ ಬಾಯಲ್ಲಿರುವಾಗ ಸಿಹಿಯೂ ರುಚಿಸದು, ಸಿಗರೇಟೂ ರುಚಿಸದು. ಆಮೇಲೆ ಹತ್ತು ನಿಮಿಷ ನಡಿಗೆ. ಹಲ್ಲುಜ್ಜಲು ಆಗದ ಕಡೆ ಬಾಯಿ ಮುಕ್ಕಳಿಸಿದರೂ ನಡೆಯುತ್ತದೆ. ಮುಖ್ಯವಾದದ್ದು ಕೂತಲ್ಲಿಂದ ಏಳುವುದು.

ಮೂರನೆಯದು: ಬಾಯಿಗೂ ಕೈಗೂ ಕೆಲಸ ಕೊಡಿ

ಸೇದಬೇಕೆನ್ನುವ ತುಡಿತ ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ ಇರುತ್ತದೆ, ಅಷ್ಟೇ. ನಿಜವಾದ ಹಸಿವು ನಿಧಾನವಾಗಿ ಬರುತ್ತದೆ, ಏನು ಕೊಟ್ಟರೂ ಬೇಡ ಎನ್ನುವುದಿಲ್ಲ. ಚಪಲ ಹಾಗಲ್ಲ, ದಿಢೀರನೆ ಬಂದು 'ಸಿಹಿಯೇ ಬೇಕು' ಎಂದು ಹಟ ಹಿಡಿಯುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಒಂದು ದೊಡ್ಡ ಲೋಟ ನೀರು ಕುಡಿದು ಐದು ನಿಮಿಷ ಕಾಯಿರಿ.

ಪ್ರತಿ ಸಿಗರೇಟಿನ ಜಾಗಕ್ಕೆ ಒಂದು ಪುಟ್ಟ ಪೆಪ್ಪರ್‌ಮಿಂಟ್ ಎಂದುಕೊಂಡರೆ ಮೋಸ ಹೋಗುತ್ತೀರಿ. ಒಂದಕ್ಕೆ 20 ಕ್ಯಾಲೊರಿ ಅಂದರೂ ದಿನಕ್ಕೆ ಹದಿನೈದಾದರೆ 300 ಆಯಿತು. ಬದಲಿಗೆ ಹೆಚ್ಚಿಟ್ಟ ಕ್ಯಾರೆಟ್, ಸೌತೆಕಾಯಿ, ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಇರಲಿ. ಬೆಳಿಗ್ಗೆಯೇ ಹೆಚ್ಚಿಡಿ. ತುಡಿತ ಬಂದಾಗ ಚಾಕು ಹುಡುಕುವಷ್ಟು ತಾಳ್ಮೆ ಯಾರಿಗೂ ಇರಲ್ಲ. ಕೈಗೆ ಪೆನ್ನೋ ರಬ್ಬರ್ ಚೆಂಡೋ ಸಾಕು.

ನಾಲ್ಕನೆಯದು: ಆ 200 ಕ್ಯಾಲೊರಿ ನಡೆದು ಕಳೆಯಿರಿ

ಚುರುಕಾಗಿ ನಡೆದರೆ ಸುಮಾರು 45 ನಿಮಿಷದ ಕೆಲಸ. ಒಂದೇ ಸಲ ಬೇಕಿಲ್ಲ, 15 ನಿಮಿಷದ ಮೂರು ಕಂತು ಮಾಡಿಕೊಳ್ಳಿ. ಸಿಗರೇಟಿಗೆಂದು ಹೊರಗೆ ಹೋಗುತ್ತಿದ್ದ ಹೊತ್ತಿಗೇ ಹೋಗಿ, ಆದರೆ ಬೇರೆ ದಾರಿ ಹಿಡಿಯಿರಿ. ಹತ್ತು ನಿಮಿಷದ ನಡಿಗೆಗೂ ತುಡಿತ ತಗ್ಗುತ್ತದೆ.

ಐದನೆಯದು: ಕಾಫಿ ಅರ್ಧ ಮಾಡಿ

ಇದನ್ನು ಬಹಳಷ್ಟು ಜನಕ್ಕೆ ಯಾರೂ ಹೇಳುವುದಿಲ್ಲ. ಸಿಗರೇಟಿನ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ, ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಲ್ಲಿಸಿದರೆ ಅದೇ ಎರಡು ಲೋಟ ಕಾಫಿ ನಾಲ್ಕು ಲೋಟದ ಪ್ರಭಾವ ಬೀರಬಹುದು. ಎದೆ ಡವಡವ, ಚಡಪಡಿಕೆ, ರಾತ್ರಿ ನಿದ್ದೆ ಇಲ್ಲ. 'ಸಿಗರೇಟ್ ಇಲ್ಲದ್ದಕ್ಕೇ ಹೀಗೆ' ಎಂದುಕೊಳ್ಳುತ್ತೇವೆ. ನಿದ್ದೆಗೆಟ್ಟ ಮರುದಿನ ಹಸಿವೂ ಜಾಸ್ತಿ. ಕಾಫಿ, ಟೀ ಎರಡನ್ನೂ ಅರ್ಧಕ್ಕಿಳಿಸಿ. ಮದ್ಯ ಮೊದಲ ತಿಂಗಳು ಬೇಡವೇ ಬೇಡ. ಅದರಲ್ಲಿರುವ ಆಲ್ಕೋಹಾಲ್‌ನ ಪ್ರತಿ ಗ್ರಾಂಗೆ 7 ಕ್ಯಾಲೊರಿ, ಜೊತೆಗೆ 'ಒಂದೇ ಒಂದು ಸೇದೋಣ' ಎನ್ನುವ ಧೈರ್ಯ ಬೇರೆ.

ಆರನೆಯದು: ಔಷಧದ ನೆರವು ಕೇಳಿ

ನಿಕೋಟಿನ್ ಗಮ್, ಪ್ಯಾಚ್ ಅಥವಾ ವೈದ್ಯರು ಬರೆದುಕೊಡುವ ಬುಪ್ರೊಪಿಯಾನ್‌ನಂಥ ಮಾತ್ರೆಗಳು ತೂಕ ಏರುವುದನ್ನು ತಡಮಾಡುತ್ತವೆ. ತಡೆಯುತ್ತವೆ ಅಂತಲ್ಲ, ಮುಂದೂಡುತ್ತವೆ. ಆ ಹೊತ್ತಿಗೆ ಊಟ, ನಡಿಗೆ ಒಂದು ಹದಕ್ಕೆ ಬಂದಿರುತ್ತವೆ. ಅದೇ ಲಾಭ. ಗಮ್ 2 ಮತ್ತು 4 ಮಿಲಿಗ್ರಾಂನಲ್ಲಿ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಹೇಳುತ್ತಾರೆ. ಬಾಯಿ ಚುರುಗುಟ್ಟುವವರೆಗೆ ಅಗಿದು, ಕೆನ್ನೆಯ ಸಂದಿಯಲ್ಲಿಟ್ಟು, ಚುರುಗು ಇಳಿದ ಮೇಲೆ ಮತ್ತೆ ಅಗಿಯಬೇಕು. ಸಾಮಾನ್ಯ ಗಮ್ ಥರ ಒಂದೇ ಸಮ ಅಗಿದರೆ ಬಿಕ್ಕಳಿಕೆ ಗ್ಯಾರಂಟಿ.

ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು, ಆಸ್ತಮಾಗೆ ಥಿಯೊಫಿಲಿನ್ ಅಥವಾ ಮಾನಸಿಕ ತೊಂದರೆಗೆ ಕ್ಲೋಜಪಿನ್, ಒಲಾಂಜಪಿನ್ ನುಂಗುವವರು ಬಿಡುವ ಮುಂಚೆಯೇ ವೈದ್ಯರಿಗೆ ಹೇಳಿ. ಕಾಫಿಯ ಕಥೆಯೇ ಈ ಮೂರು ಔಷಧಗಳದ್ದೂ. ಡೋಸ್ ಬದಲಿಸಬೇಕಾಗಬಹುದು.

ಕೊನೆಗೆ ತಕ್ಕಡಿ

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ. ದಿನಾ ನೋಡಿದರೆ ತಲೆ ಕೆಡುತ್ತದೆ. ಮೊದಲ ವಾರಗಳಲ್ಲಿ ಮಲಬದ್ಧತೆ ಸಾಮಾನ್ಯ, ಹೊಟ್ಟೆ ಉಬ್ಬರಿಸಿದ್ದೆಲ್ಲ ಬೊಜ್ಜಲ್ಲ. ತರಕಾರಿ, ಹಣ್ಣು, ನೀರು ಹೆಚ್ಚಿಸಿ.

ಒಂದೆರಡು ಕೆಜಿ ಏರಿದರೆ ಗಾಬರಿ ಬೇಡ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ 2013ರ ವರದಿ ಪ್ರಕಾರ, ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಸಿಗರೇಟ್ ಬಿಟ್ಟವರಿಗೆ ಹೃದಯದ ಕಾಯಿಲೆಯ ಅಪಾಯ ಸೇದುವವರಿಗಿಂತ ಸುಮಾರು ಅರ್ಧ. ತೂಕ ಏರಿದ್ದು ಆ ಲಾಭವನ್ನು ಕಸಿದುಕೊಳ್ಳಲಿಲ್ಲ.

ತೂಕ ಇಳಿಸುವ ಕೆಲಸ ನಾಲ್ಕನೇ ತಿಂಗಳಿಗೆ. ಆಗ ದಿನದ ಊಟದಲ್ಲಿ 200–300 ಕ್ಯಾಲೊರಿ ಕಡಿಮೆ ಮಾಡಿದರೆ ಸಾಕು. ನಾನು ಎರಡನೇ ಸಲ ಬಿಟ್ಟಾಗ 3 ಕೆಜಿ ಏರಿದ್ದೆ. ಎರಡು ಇಳಿಯಲು ಎಂಟು ತಿಂಗಳು ಹಿಡಿಯಿತು. ಇನ್ನೊಂದು ಇನ್ನೂ ಇಳಿದಿಲ್ಲ, ನಾನೂ ಪ್ಯಾಂಟನ್ನೇ ಸ್ವಲ್ಪ ಸಡಿಲ ಮಾಡಿಸಿಕೊಂಡಿದ್ದೇನೆ.