ಬಯೋಡೀಸೆಲ್ ಹಾಕಿದ ಮೇಲೆ ಜೀಪು ಏರದಿದ್ದಾಗ

ಹಳೆಯ ಡೀಸೆಲ್ ಜೀಪಿಗೆ ಹೊಂಗೆ ಎಣ್ಣೆಯಿಂದ ತಯಾರಿಸಿದ ಬಯೋಡೀಸೆಲನ್ನು ಶೇ. 20ರಷ್ಟು ಬೆರೆಸತೊಡಗಿದ ಕೆಲವೇ ವಾರಗಳಲ್ಲಿ ಗಾಡಿ ಏರುದಾರಿಯಲ್ಲಿ ಏದುಸಿರು ಬಿಡತೊಡಗಿತು. ಬೆಳಿಗ್ಗೆ ಸ್ಟಾರ್ಟ್ ಆಗಲೂ ತಕರಾರು. ಎಂಜಿನ್ನಿಗೆ ಇಂಧನ ಒತ್ತುವ ಪಂಪ್ ಬಿಚ್ಚಬೇಕು ಎಂದರು ಗ್ಯಾರೇಜಿನವರು. ಪಂಪ್ ಕೆಲಸವೆಂದರೆ ಜೇಬಿಗೆ ಕತ್ತರಿ; ನಾನು ಒಪ್ಪಲಿಲ್ಲ.

ಮೊದಲು ಇಂಧನ ಸೋಸುವ ಫಿಲ್ಟರ್ ಬಿಚ್ಚಿದೆ. ಒಳಗಿನ ಕಾಗದಕ್ಕೆ ಕಪ್ಪು ಜಿಡ್ಡು ಮೆತ್ತಿತ್ತು. ಬಯೋಡೀಸೆಲ್ ಒಳ್ಳೆಯ ದ್ರಾವಕ. ವರ್ಷಗಟ್ಟಲೆ ಟ್ಯಾಂಕಿನ ತಳದಲ್ಲಿ ಕೂತಿದ್ದ ಗಸಿಯನ್ನು ಸಡಿಲಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಟ್ಯಾಂಕ್ ಇಳಿಸಿ ತೊಳೆದು ಹೊಸ ಫಿಲ್ಟರ್ ಹಾಕಿದೆ. ಎಳೆತ ಮರಳಿತು, ಬೆಳಗಿನ ತಕರಾರು ಮಾತ್ರ ಉಳಿಯಿತು.

ಫಿಲ್ಟರಿಗೆ ಮುಂಚೆ ಪಾರದರ್ಶಕ ಕೊಳವೆಯ ತುಂಡೊಂದನ್ನು ಸೇರಿಸಿ ನೋಡಿದರೆ ಸಾಲುಸಾಲಾಗಿ ಗುಳ್ಳೆ! ಹಳೆಯ ರಬ್ಬರ್ ಕೊಳವೆ ಉಬ್ಬಿ, ಉಗುರು ತಾಗಿದರೆ ಕಿತ್ತುಬರುವಷ್ಟು ಮೆತ್ತಗಾಗಿತ್ತು. ರಾತ್ರಿ ಅಲ್ಲಿಂದ ಗಾಳಿ ಸೇರಿ ಇಂಧನ ಟ್ಯಾಂಕಿಗೆ ಹಿಂದಿರುಗುತ್ತಿತ್ತು. ಬಯೋಡೀಸೆಲಿಗೆ ಹೀಗೆ ಮೆತ್ತಗಾಗದ ವಿಟಾನ್ ಎಂಬ ರಬ್ಬರಿನ ಕೊಳವೆ ಹಾಕಿ, ಹೊಸ ಕ್ಲಿಪ್ ಬಿಗಿದು, ಫಿಲ್ಟರ್ ಮೇಲಿನ ತಿರುಪು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪ್ ಒತ್ತಿದೆ. ಈಗ ಮೊದಲ ಯತ್ನಕ್ಕೇ ಸ್ಟಾರ್ಟ್. ವಿಟಾನ್ ದುಬಾರಿಯೇ, ಆದರೆ ಪಂಪಿನ ಖರ್ಚಿನ ಮುಂದೆ ಚಿಲ್ಲರೆ.

ಗಾಣದ ಎಣ್ಣೆಯನ್ನೇ ನೇರವಾಗಿ ಸುರಿಯಬಹುದಲ್ಲ ಎನ್ನುವವರಿದ್ದಾರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿದ್ದು ನಿಜ. ಆದರೆ ಹಸಿ ಎಣ್ಣೆ ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದ; ಬಿಸಿಮಾಡದೆ ಹಾಕಿದರೆ ಎಂಜಿನ್ನಿನೊಳಗೆ ಇಂಧನ ಸಿಂಪಡಿಸುವ ಇಂಜೆಕ್ಟರಿನ ತುದಿಯಲ್ಲಿ ಕರಿ ಕಟ್ಟುತ್ತದೆ. ನಾನಂತೂ ಆ ಗೊಡವೆಗೆ ಹೋಗುವುದಿಲ್ಲ. ಉಳಿದ ಗಸಿ ಎಲ್ಲಿ ಅಡಗಿದೆಯೋ ಎಂದು ಜೀಪಿನಲ್ಲಿ ಇನ್ನೊಂದು ಫಿಲ್ಟರ್ ಇಟ್ಟುಕೊಂಡಿದ್ದೇನೆ.